ಹಾಜರಿ ಆ್ಯಪ್ ತರುವ ಮೊದಲು ಕೆಲಸಗಾರರ ಕೈ ನೋಡಿ

ಮಂಗಳೂರು, ಉಡುಪಿ ಕಡೆಯ ಕಂಪನಿಗಳಿಂದ ನನಗೆ ಬರುವ ಫೋನ್‌ಗಳು ಹೆಚ್ಚಾಗಿ ಒಂದೇ ಥರ ಇರುತ್ತವೆ. "ಎಚ್‌ಆರ್ ಸಾಫ್ಟ್‌ವೇರ್ ಹಾಕಿ ಆರು ತಿಂಗಳಾಯ್ತು. ಹಾಜರಿ, ರಜೆ, ಸ್ಯಾಲರಿ ಸ್ಲಿಪ್ ಎಲ್ಲ ಫೋನಲ್ಲೇ ಉಂಟು. ಜನ ಮುಟ್ಟುವುದೇ ಇಲ್ಲ ಮಾರಾಯ್ರೇ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಬರುತ್ತದೆ: "ನಮ್ಮವರಿಗೆ ಓದು ಕಡಿಮೆ ಅಲ್ವಾ, ಅದಕ್ಕೇ."

ಅದಕ್ಕಲ್ಲ. ಅದೇ ಜನ ಗಲ್ಫಿನಲ್ಲಿರುವ ಮಗನಿಗೆ ದಿನಾ ವಿಡಿಯೊ ಕಾಲ್ ಮಾಡುತ್ತಾರೆ. ಬಂಗುಡೆ ತೆಗೆದುಕೊಂಡು ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಾರೆ. ರಾತ್ರಿಯಿಡೀ ಯಕ್ಷಗಾನದ ಲೈವ್ ನೋಡಿ ಕೆಂಪು ಕಣ್ಣಿನಲ್ಲಿ ಬೆಳಗಿನ ಶಿಫ್ಟ್‌ಗೆ ಬರುತ್ತಾರೆ. ಅವರಿಗೆ ಫೋನ್ ಬರುತ್ತದೆ. ನಿಮ್ಮ ಆ್ಯಪ್ ಬೇಡ, ಅಷ್ಟೇ.

ಯಾಕೆ ಬೇಡ ಅಂದರೆ, ಕಂಪನಿಯಿಂದ ಹೊಸದಾಗಿ ಏನು ಬಂದರೂ ಕೆಲಸಗಾರರು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕುತ್ತಾರೆ. ಇದರಿಂದ ನನಗೆ ಏನು ಬರುತ್ತದೆ, ನನ್ನಿಂದ ಏನು ಹೋಗುತ್ತದೆ? ನಾವು ಆ್ಯಪ್ ತರುವಾಗ ಮೊದಲ ದಿನವೇ ಅವರಿಂದ ತೆಗೆದುಕೊಳ್ಳಲು ಹೊರಡುತ್ತೇವೆ. ಬೆರಳು ಕೊಡಿ, ಫೋಟೊ ಕೊಡಿ, ಆಧಾರ್ ಕೊಡಿ, ಲೊಕೇಶನ್ ಆನ್ ಮಾಡಿ. ಕೊಡುವುದು ಏನಾದರೂ ಇದ್ದರೆ ಅದು ಆರನೇ ತಿಂಗಳಿಗೆ. ನಾನು ಇಲ್ಲಿ ಹೇಳುವುದೆಲ್ಲ ಈ ಕ್ರಮವನ್ನು ತಿರುಗಿಸಿ ಹಾಕುವುದು ಹೇಗೆ ಅಂತ.

ನಾನು ಮಂಗಳೂರಿನ ಬೈಕಂಪಾಡಿ ಕಡೆ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಿ, ರಜೆಯ ಲೆಕ್ಕ ಇಡುವ ಕಚೇರಿಯಲ್ಲಿ ವರ್ಷಗಟ್ಟಲೆ ಕೂತವನು. ದಪ್ಪ ರಟ್ಟಿನ ಹಾಜರಿ ಪುಸ್ತಕ ಬರೆದಿದ್ದೇನೆ, ಆಮೇಲೆ ಎಕ್ಸೆಲ್, ಆಮೇಲೆ ಸಾಫ್ಟ್‌ವೇರ್. ಒಂದು ಸಲ ಕೆಟ್ಟದಾಗಿ ಸೋತಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಬೆರಳಿನ ಕಥೆ

ಅದು ಗೇರುಬೀಜದ ಕಾರ್ಖಾನೆ, ಹೆಸರು ಬೇಡ. ಮಾಲಕರು ಯಾವುದೋ ಪ್ರದರ್ಶನಕ್ಕೆ ಹೋಗಿ ಬೆರಳಚ್ಚಿನ ಮಿಷನ್ ನೋಡಿ ಬಂದರು, ಮರುವಾರ ಗೇಟಿನ ಪಕ್ಕ ಎರಡು ಮಿಷನ್ ಬಂತು. ಆಫೀಸಿನವರು ನಾವೆಲ್ಲ ಒತ್ತಿ ನೋಡಿದೆವು. ಟಣ್ ಅಂತ ಹಸಿರು ಲೈಟ್. ತುಂಬಾ ಒಳ್ಳೆದುಂಟು ಅಂತ ನಾನೇ ಸರ್ಟಿಫಿಕೇಟ್ ಕೊಟ್ಟೆ.

ಸೋಮವಾರ ಬೆಳಿಗ್ಗೆ ಕಟ್ಟಿಂಗ್ ವಿಭಾಗದ ಹೆಂಗಸರು ಸಾಲಾಗಿ ನಿಂತರು. ಎರಡನೆಯವರೇ ಸಿಕ್ಕಿಬಿದ್ದರು. ಹೆಬ್ಬೆರಳು ಒತ್ತಿದರು, ಕೆಂಪು. ಸೀರೆ ಸೆರಗಿಗೆ ಒರೆಸಿ ಒತ್ತಿದರು, ಕೆಂಪು. ತೋರುಬೆರಳು, ಕೆಂಪು. ಹಿಂದೆ ಸಾಲು ಬೆಳೆಯುತ್ತಾ ಗೇಟಿನ ಹೊರಗೆ ಬಸ್‌ಸ್ಟಾಪ್ ತನಕ ಹೋಯಿತು. ಎಂಟು ಗಂಟೆಗೆ ಒಳಗೆ ಇರಬೇಕಾದವರಲ್ಲಿ ಅರ್ಧ ಜನರಿಗೆ ಎಂಟೂ ಹದಿನೈದು, ಎಂಟೂವರೆ ಅಂತ ಬಿತ್ತು, ಸಾಫ್ಟ್‌ವೇರ್ ತನ್ನಷ್ಟಕ್ಕೆ ಲೇಟ್ ಅಂತ ಗುರುತು ಹಾಕಿ ಸಂಬಳ ಕಡಿತದ ಪಟ್ಟಿ ತಯಾರು ಮಾಡಿಟ್ಟಿತು.

ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಕೈಗೆ ಬೂದಿಯೋ ಎಣ್ಣೆಯೋ ಹಚ್ಚಿಕೊಂಡರೂ ವರ್ಷಗಟ್ಟಲೆ ಅದೇ ಕೆಲಸ ಮಾಡಿದವರ ಬೆರಳ ತುದಿ ಕಪ್ಪಾಗಿ, ನುಣುಪಾಗಿ, ಗೆರೆ ಮಾಸಿ ಹೋಗಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ದಿನಾ ನೋಡುತ್ತಿದ್ದ ಕೈಗಳು ಅವು. ಆದರೂ ಮಿಷನ್ ಪರೀಕ್ಷೆ ಮಾಡುವಾಗ ನೆನಪಾಗಲಿಲ್ಲ. ಒಬ್ಬರು ಅಕ್ಕ ನನ್ನ ಮೇಜಿನ ಮುಂದೆ ಎರಡೂ ಕೈ ಅಗಲಿಸಿ ಹಿಡಿದರು. "ಇಪ್ಪತ್ತೆರಡು ವರ್ಷ ಈ ಕೈಯಲ್ಲಿ ಬೀಜ ಒಡೆದದ್ದು. ಈಗ ನಿಮ್ಮ ಮಿಷನ್ ನನಗೆ ಕೈಯೇ ಇಲ್ಲ ಅಂತ ಹೇಳ್ತದೆ. ನೀವು ಎಂತ ಹೇಳ್ತೀರಿ?" ನಾನು ಎಂತ ಹೇಳುವುದು.

ಆ ತಿಂಗಳ ಕಡಿತವನ್ನು ವಾಪಸ್ ಹಾಕಿದೆವು. ಮಿಷನ್ ಒಂದೇ ತಿಂಗಳಲ್ಲಿ ಮೂಲೆ ಸೇರಿತು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಎರಡು ವರ್ಷ ಬಿಟ್ಟು ತುಂಬಾ ಒಳ್ಳೆಯ ಒಂದು ರಜೆ ಆ್ಯಪ್ ತಂದಾಗ ಯಾರೂ ಕಿವಿ ಕೊಡಲಿಲ್ಲ. "ಆ ಮಿಷನ್ ಥರದ್ದೇ ಅಲ್ವಾ?" ಅಂತ ಕೇಳಿದರು. ಒಮ್ಮೆ ಹೋದ ನಂಬಿಕೆಗೆ ಅಷ್ಟು ಉದ್ದದ ನೆನಪು ಇರುತ್ತದೆ.

ಹಾಗಾಗಿ ಖರೀದಿ ಮಾಡುವ ಮೊದಲು, ಡೆಮೊ ಕೊಡಲು ಬಂದ ಹುಡುಗನನ್ನು ಎಸಿ ರೂಮಿನಲ್ಲಿ ಕೂರಿಸಬೇಡಿ. ಕೆಲಸ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗಿ. ನಿಮ್ಮಲ್ಲಿ ಅತಿ ಕಷ್ಟದ ಕೈ ಯಾರದ್ದು ಅಂತ ಹುಡುಕಿ, ಇಪ್ಪತ್ತು ಜನರ ಮೇಲೆ ಪರೀಕ್ಷೆ ಮಾಡಿ. ಗೇರುಬೀಜ ಆದರೆ ಕಟ್ಟಿಂಗ್‌ನವರು. ಮೀನು ಸಂಸ್ಕರಣೆ ಆದರೆ ಇಡೀ ದಿನ ಐಸ್ ನೀರಿನಲ್ಲಿ ಕೈ ಇಟ್ಟು ಬೆರಳು ಸುಕ್ಕುಗಟ್ಟಿದವರು. ಸಿಮೆಂಟ್ ಮುಟ್ಟುವವರು, ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟೋ ಸಲ ಕೈ ತೊಳೆಯುವ ನರ್ಸ್‌ಗಳು. ಇವರಿಗೆ ನಡೆದರೆ ಎಲ್ಲರಿಗೂ ನಡೆಯುತ್ತದೆ. ನಡೆಯದಿದ್ದರೆ ಕಾರ್ಡ್ ತೋರಿಸುವ ಮಿಷನ್ ತನ್ನಿ, ಇಲ್ಲವೇ ಮುಖ ಗುರುತಿಸುವುದು. ಏನೇ ತಂದರೂ ಅದು ಕೈಕೊಟ್ಟ ದಿನ ಪುಸ್ತಕದಲ್ಲಿ ಸಹಿ ಹಾಕಿದರೆ ನಡೆಯುತ್ತದೆ, ಕಡಿತ ಇಲ್ಲ ಅಂತ ಗೋಡೆಯ ಮೇಲೆ ಬರೆದು ಅಂಟಿಸಿ. ಬಾಯಲ್ಲಿ ಹೇಳಿದ್ದು ಸಾಲದು.

ಮೊದಲು ಕೊಡಿ

ಈ ವಿಷಯದಲ್ಲಿ ಓದಿದವರು ಹೇಳಿದ್ದೂ ಹೆಚ್ಚು ಕಡಿಮೆ ಇದೇ. ಫ್ರೆಡ್ ಡೇವಿಸ್ ಅನ್ನುವ ಅಮೆರಿಕದ ಸಂಶೋಧಕ 1989ರಲ್ಲಿ, ಜನ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಒಪ್ಪುವುದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ ಅಂದ. ಇದು ನನಗೆ ಉಪಯೋಗವಾ? ಇದು ಸುಲಭವಾ? ಎರಡರಲ್ಲಿ ಉಪಯೋಗದ ತೂಕವೇ ಜಾಸ್ತಿ ಅಂತ ಅವನ ಅಧ್ಯಯನದಲ್ಲಿ ಕಂಡಿತು. ನಾವು ಮಾತ್ರ ತರಬೇತಿಯ ಹೆಸರಿನಲ್ಲಿ ಯಾವಾಗಲೂ ಎರಡನೆಯದನ್ನೇ ಹೇಳಿಕೊಡುತ್ತೇವೆ. ಇಲ್ಲಿ ಒತ್ತಿ, ಆಮೇಲೆ ಇಲ್ಲಿ ಒತ್ತಿ. ಯಾಕೆ ಒತ್ತಬೇಕು ಅಂತ ಹೇಳುವುದೇ ಇಲ್ಲ.

ಕೆಲಸಗಾರರಿಗೆ ಉಪಯೋಗ ಅಂದರೆ ದುಡ್ಡು ಮತ್ತು ರಜೆ. ಮೂರನೆಯದು ನನಗಂತೂ ಕಾಣಲಿಲ್ಲ.

ದುಡ್ಡಿನಿಂದ ಶುರು ಮಾಡಿ. ಅದೂ ನಿಮ್ಮ ಆ್ಯಪ್‌ನಿಂದ ಅಲ್ಲ, ಅವರದ್ದೇ ಪಿಎಫ್‌ನಿಂದ. ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋಗಿ, ಪಿಎಫ್‌ಗೆ ಕೊಟ್ಟಿರುವ ಮೊಬೈಲ್ ನಂಬರಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ ಅಂತ ಹೇಳಿ. ಯುಎಎನ್ (ಪಿಎಫ್ ಸದಸ್ಯರ ನಂಬರ್) ಆ್ಯಕ್ಟಿವ್ ಇದ್ದು ಕೆವೈಸಿ (ಗುರುತಿನ ದಾಖಲೆ) ಜೋಡಣೆ ಆಗಿದ್ದರೆ ಎಸ್‌ಎಂಎಸ್‌ನಲ್ಲಿ ಬಾಕಿ ಎಷ್ಟಿದೆ ಅಂತ ಬರುತ್ತದೆ. ಕರೆಗೆ ದುಡ್ಡಿಲ್ಲ. ನಾನು ಮಾಡಿಸಿದ ದಿನ ಮೊದಲು ಮೆಸೇಜ್ ಬಂದ ಅಕ್ಕ ಅದನ್ನು ಓದಿ ಫೋನನ್ನು ಪಕ್ಕದವರಿಗೆ ತೋರಿಸಲಿಲ್ಲ, ಮಡಿಲಿಗೆ ಮುಚ್ಚಿಕೊಂಡರು. ಮರುದಿನ ಮೆಸೇಜ್ ಬಾರದವರೆಲ್ಲ ನನ್ನ ಮೇಜಿನ ಹತ್ತಿರ ಸಾಲು ನಿಂತಿದ್ದರು. "ನನಗೆ ಯಾಕೆ ಬರಲಿಲ್ಲ?" ಹೆಸರಿನ ಸ್ಪೆಲ್ಲಿಂಗ್ ತಪ್ಪು, ಹಳೇ ನಂಬರ್, ಆಧಾರ್ ಜೋಡಣೆ ಬಾಕಿ. ಮೂರು ವರ್ಷದಿಂದ ನಾನು ಬೆನ್ನು ಹತ್ತಿದರೂ ಸಿಗದ ದಾಖಲೆಗಳು ಒಂದು ವಾರದಲ್ಲಿ ತಾವಾಗಿಯೇ ಬಂದವು.

ಆಮೇಲೆ ಸ್ಯಾಲರಿ ಸ್ಲಿಪ್. ಹೆಚ್ಚಿನವರಿಗೆ ಕೈಗೆ ಬರುವ ಮೊತ್ತ ಗೊತ್ತು, ಕಡಿತ ಯಾವುದಕ್ಕೆ ಅಂತ ಗೊತ್ತಿಲ್ಲ. ಒಬ್ಬರ ಸ್ಲಿಪ್ಪನ್ನು, ಅವರ ಒಪ್ಪಿಗೆ ಕೇಳಿ, ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. 14,500 ರೂಪಾಯಿ ಸಂಬಳ, ಪೂರ್ತಿ ಮೊತ್ತಕ್ಕೆ ಲೆಕ್ಕ ಹಾಕಿದರೆ ಪಿಎಫ್ 12 ಶೇಕಡ, ಅಂದರೆ 1,740. ಚಿಕಿತ್ಸೆಗೆ ಆಗುವ ಸರ್ಕಾರಿ ವಿಮೆ ಇಎಸ್‌ಐ 0.75 ಶೇಕಡ, 109 ರೂಪಾಯಿ. ಇದಕ್ಕೆ ಕಂಪನಿ ತನ್ನ ಕೈಯಿಂದ ಇಎಸ್‌ಐಗೆ 3.25 ಶೇಕಡ ಹಾಕುತ್ತದೆ, ಪಿಎಫ್‌ಗೂ 12 ಹಾಕುತ್ತದೆ. "ಅಷ್ಟು ಕಂಪನಿ ಹಾಕ್ತದಾ?" ಅಂತ ಕೇಳುವವರು ಯಾವಾಗಲೂ ಇರುತ್ತಾರೆ. ಈ ಲೆಕ್ಕ ಪ್ರತಿ ತಿಂಗಳು ನಿಮ್ಮ ಫೋನಿಗೇ ಬರುತ್ತದೆ, ಬ್ಯಾಂಕ್ ಸಾಲಕ್ಕೆ ಸ್ಲಿಪ್ ಕೇಳಿದಾಗ ನನ್ನ ಹತ್ತಿರ ಮೂರು ದಿನ ಓಡಾಡುವುದು ಬೇಡ ಅಂತ ಹೇಳಿ. ಸಾಲದ ಮಾತು ಬಂದರೆ ಎಲ್ಲರೂ ಆ್ಯಪ್ ಇಳಿಸಿಕೊಳ್ಳುತ್ತಾರೆ.

ಕೊನೆಗೆ ರಜೆಯ ಬಾಕಿ. ಇಪ್ಪತ್ತು ದಿನ ದುಡಿದರೆ ಸಂಬಳ ಸಹಿತ ಒಂದು ದಿನದ ರಜೆ ಅನ್ನುವ ಲೆಕ್ಕ ಕಾರ್ಖಾನೆಯಲ್ಲಿ ದುಡಿಯುವವರಿಗೆ ಕಾನೂನಿನಲ್ಲೇ ಉಂಟು. 240 ದಿನ ದುಡಿದವರಿಗೆ 12 ದಿನ. ಆದರೆ ತನ್ನ ಹೆಸರಿನಲ್ಲಿ ಎಷ್ಟು ರಜೆ ಉಳಿದಿದೆ ಅನ್ನುವುದು ಪುಸ್ತಕದ ಕಾಲದಲ್ಲಿ ಟೈಮ್ ಆಫೀಸಿನವನಿಗೆ ಮಾತ್ರ ಗೊತ್ತಿದ್ದ ಗುಟ್ಟು. ನಾನೇ ಆ ಗುಟ್ಟಿನ ಮೇಲೆ ಕೂತವನು, ಅದರಿಂದ ಸಿಗುವ ಮರ್ಯಾದೆಯ ರುಚಿ ಹೇಗಿರುತ್ತದೆ ಅಂತ ಗೊತ್ತು. ಅದನ್ನು ಬಿಟ್ಟುಕೊಡಿ.

ಈ ಮೂರನ್ನೇ ಎರಡು ತಿಂಗಳು ನಡೆಸಿ. ಹಾಜರಿ, ಫೋಟೊ, ಲೊಕೇಶನ್ ಯಾವುದನ್ನೂ ಕೇಳಬೇಡಿ. ಮಾಲಕರು ಅವಸರ ಮಾಡುತ್ತಾರೆ, ದುಡ್ಡು ಕೊಟ್ಟಾಗಿದೆ ಅಲ್ವಾ. ತಡೆದುಕೊಳ್ಳಿ.

"ನೋಡುವ" ಅನ್ನುವ ಸೂಪರ್‌ವೈಸರ್

ಕೆಲಸಗಾರರು ಒಪ್ಪಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಆ್ಯಪ್ ಸಾಯುವುದು ಅವರಿಂದ ಅಲ್ಲ, ಅವರ ಮೇಲಿನ ಸೂಪರ್‌ವೈಸರ್‌ಗಳಿಂದ. ಅದೂ ಸದ್ದಿಲ್ಲದೆ.

ನಮ್ಮ ಕಡೆ ರಜೆ ಕೇಳಿದರೆ ಸಿಗುವ ಉತ್ತರ "ನೋಡುವ". ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಈ ಒಂದು ಶಬ್ದದಲ್ಲಿ ಸೂಪರ್‌ವೈಸರ್‌ನ ಇಡೀ ಅಧಿಕಾರ ಕೂತಿದೆ. ಕೇಳಿದವರು ನಾಲ್ಕು ದಿನ ಅವರ ಮುಖ ನೋಡುತ್ತಾ ಇರುತ್ತಾರೆ, ಓಟಿ ಇದೆ ಅಂದರೆ ಬೇಡ ಅನ್ನುವುದಿಲ್ಲ, ಕೊನೆಯ ಗಳಿಗೆಯಲ್ಲಿ ರಜೆ ಸಿಕ್ಕಿದರೆ ಅದು ಅವರ ದೊಡ್ಡ ಮನಸ್ಸು. ಆ್ಯಪ್‌ನಲ್ಲಿ "ನೋಡುವ" ಅನ್ನುವ ಬಟನ್ ಇಲ್ಲ. ಒಪ್ಪಿಗೆ, ನಿರಾಕರಣೆ, ಎರಡೇ. ಮೇಲಿಂದ ದಿನಾಂಕ, ಗಂಟೆ ಸಹ ಬೀಳುತ್ತದೆ.

ಆಗ ಅವರು ಏನು ಮಾಡುತ್ತಾರೆ? ಆ್ಯಪ್ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಮೀಟಿಂಗ್‌ನಲ್ಲಿ ತಲೆ ಆಡಿಸುತ್ತಾರೆ. ಹೊರಗೆ ಬಂದು, "ಅದರಲ್ಲೆಲ್ಲ ಹಾಕ್ಬೇಡಿ, ನನಗೊಂದು ಹೇಳಿದ್ರೆ ಸಾಕು" ಅನ್ನುತ್ತಾರೆ. ಅಷ್ಟು ಸಾಕು. ನಾಳೆ ಬೆಳಿಗ್ಗೆಯಿಂದ ಅವರ ಕೈಕೆಳಗೇ ಕೆಲಸ ಮಾಡಬೇಕಾದವರು ಆ್ಯಪ್‌ನಲ್ಲಿ ಹಾಕಿ ಅವರನ್ನು ಯಾಕೆ ಎದುರು ಹಾಕಿಕೊಳ್ಳುತ್ತಾರೆ? 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಡೇವಿಸ್‌ನ ಮಾತನ್ನು ಮುಂದಕ್ಕೆ ಬೆಳೆಸಿದಾಗ ಇದನ್ನೂ ಸೇರಿಸಿದರು. ಬಳಸಲೇಬೇಕು ಅನ್ನುವ ಕಡೆ, ಅದರಲ್ಲೂ ಶುರುವಿನ ದಿನಗಳಲ್ಲಿ, ಸುತ್ತಲಿನವರು ಏನು ಅಂದುಕೊಳ್ಳುತ್ತಾರೆ ಅನ್ನುವುದು ಜನರ ತೀರ್ಮಾನದಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ. ಕ್ಯಾಂಟೀನಿನಲ್ಲಿ ಎರಡು ದಿನ ಕೂತರೆ ಇದು ಸಂಶೋಧನೆ ಇಲ್ಲದೆಯೂ ಗೊತ್ತಾಗುತ್ತದೆ.

ಇವರನ್ನು ಬೈದು ಪ್ರಯೋಜನ ಇಲ್ಲ. ಇವರಿಗೂ ಮೊದಲು ಏನಾದರೂ ಕೊಡಬೇಕು. ನಾನು ಕೊಟ್ಟದ್ದು ಒಂದು ಪರದೆ. ಮುಂದಿನ ಹತ್ತು ದಿನ ತನ್ನ ವಿಭಾಗದಲ್ಲಿ ಯಾವ ದಿನ ಯಾರು ಇರುವುದಿಲ್ಲ ಅಂತ ಒಂದೇ ನೋಟಕ್ಕೆ ಕಾಣುವ ಪಟ್ಟಿ. ಬೆಳಿಗ್ಗೆ ಬಂದು ಜನ ಎಣಿಸಿ, ಆರು ಜನ ಕಡಿಮೆ ಅಂತ ತಲೆ ಮೇಲೆ ಕೈ ಹೊತ್ತು, ಅಲ್ಲಿ ಇಲ್ಲಿ ಫೋನ್ ಮಾಡಿ ಜನ ಕರೆಸುವ ರಗಳೆ ಅವರದ್ದೇ ಅಲ್ವಾ. ಆ ಪಟ್ಟಿ ಸರಿ ಇರಬೇಕಾದರೆ ರಜೆ ಆ್ಯಪ್‌ನಲ್ಲೇ ಬರಬೇಕು. ಇದು ಅರ್ಥವಾದ ಮೇಲೆ ಅವರೇ ಹೇಳಲು ಶುರು ಮಾಡಿದರು: "ನನಗೆ ಹೇಳಿದ್ರೆ ಆಗ್ಲಿಕ್ಕಿಲ್ಲ, ಆ್ಯಪ್‌ಗೆ ಹಾಕಿ."

ಇನ್ನೊಂದು ಮಾಡಿ. ಮಾಲಕರ, ಮ್ಯಾನೇಜರ್‌ಗಳ ರಜೆಯೂ ಅದೇ ಆ್ಯಪ್‌ನಲ್ಲಿ ಬರಲಿ, ನೋಟಿಸ್ ಬೋರ್ಡಿನಲ್ಲಿ ಕಾಣಲಿ. ಆಫೀಸಿನವರು ಕಾಗದದಲ್ಲಿ, ಕಾರ್ಖಾನೆಯವರು ಆ್ಯಪ್‌ನಲ್ಲಿ ಅಂದರೆ ಅದು ಎಚ್‌ಆರ್ ವ್ಯವಸ್ಥೆ ಅಲ್ಲ, ಕಾವಲು.

ಕೋಲಕ್ಕೆ ರಜೆ ಬೇಕು, ಪಟ್ಟಿಯಲ್ಲಿ ಕೋಲ ಇಲ್ಲ

ಬೆಂಗಳೂರಿನಲ್ಲೋ ಪುಣೆಯಲ್ಲೋ ತಯಾರಾದ ಸಾಫ್ಟ್‌ವೇರ್‌ನಲ್ಲಿ ರಜೆಯ ಕಾರಣ ಅಂತ ಒಂದು ಪಟ್ಟಿ ಇರುತ್ತದೆ. ಅನಾರೋಗ್ಯ, ವೈಯಕ್ತಿಕ, ಪ್ರವಾಸ. ನಮ್ಮವರು ಯಾವಾಗ ಪ್ರವಾಸಕ್ಕೆ ರಜೆ ಕೇಳಿದರು? ಮನೆತನದ ದೈವಕ್ಕೆ ಕೋಲ ಅಥವಾ ನೇಮ, ಊರಿನ ಜಾತ್ರೆ, ಹತ್ತಿರದವರ ಬೊಜ್ಜ (ಉತ್ತರಕ್ರಿಯೆ), ತವರಿನಲ್ಲಿ ದೈವಕ್ಕೆ ತಂಬಿಲದ ಪೂಜೆ, ಗಂಡ ಗಲ್ಫಿನಿಂದ ಬರುತ್ತಾನೆ ಏರ್‌ಪೋರ್ಟಿಗೆ ಹೋಗಬೇಕು. ಪಟ್ಟಿಯಲ್ಲಿ ತನ್ನ ಕಾರಣ ಕಾಣದ ಮನುಷ್ಯ ಅನಾರೋಗ್ಯ ಅಂತ ಒತ್ತುತ್ತಾನೆ, ನೇಮದ ಮರುದಿನ ಸೂಪರ್‌ವೈಸರ್ ಜ್ವರ ಹೇಗುಂಟು ಅಂತ ನಗುತ್ತಾನೆ. ಸುಳ್ಳು ಹೇಳಿಸಿದ್ದು ನಿಮ್ಮ ಪಟ್ಟಿ. ಇದನ್ನು ಬದಲಿಸುವುದು ಸಾಫ್ಟ್‌ವೇರ್‌ನವರಿಗೆ ಅರ್ಧ ಗಂಟೆಯ ಕೆಲಸ, ಕೇಳುವವರು ಬೇಕು.

ಕ್ಯಾಲೆಂಡರ್ ಕೂಡ ನೋಡಿ. ಕರ್ನಾಟಕದಲ್ಲಿ 1963ರ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬದ ರಜೆ. ಆ ಐದು ಯಾವುದು ಅನ್ನುವುದರಲ್ಲೇ ಕರಾವಳಿ ಬೇರೆ. ಉಡುಪಿಯ ಕೃಷ್ಣಾಷ್ಟಮಿ ಸೌರಮಾನದ್ದು, ಅಂದರೆ ಸೂರ್ಯನ ಲೆಕ್ಕದ ಪಂಚಾಂಗದ್ದು, ಕೆಲವು ವರ್ಷ ಉಳಿದ ಕಡೆಗಿಂತ ಒಂದು ತಿಂಗಳು ತಡ. ಈದ್ ಎಷ್ಟೋ ಸಲ ಕೇರಳದ ಜೊತೆ ಬರುತ್ತದೆ, ಬೆಂಗಳೂರಿನಲ್ಲಿ ಮರುದಿನ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ನಮ್ಮ ಕಡೆಯ ಕ್ರೈಸ್ತರ ತೆನೆ ಹಬ್ಬ, ಹೊರಗಿನ ಸಾಫ್ಟ್‌ವೇರ್‌ನವರಿಗೆ ಗೊತ್ತೇ ಇರುವುದಿಲ್ಲ. ಒಮ್ಮೆ ಹಬ್ಬದ ದಿನ ಅರ್ಧ ಕಾರ್ಖಾನೆಗೆ ಗೈರುಹಾಜರಿ ಅಂತ ಮೆಸೇಜ್ ಹೋದರೆ ಆಮೇಲೆ ನೀವು ಎಷ್ಟು ಸಮಜಾಯಿಷಿ ಕೊಟ್ಟರೂ ಮುಗಿಯುವುದಿಲ್ಲ.

ಭಾಷೆಯ ವಿಷಯ. ಕನ್ನಡ ಇದೆ ಅಂತ ಮಾರುವವರು ಹೇಳುತ್ತಾರೆ. ತೆರೆದು ನೋಡಿ. ನಾನು ನೋಡಿದ ಒಂದರಲ್ಲಿ ಲೀವ್ ಅನ್ನುವುದಕ್ಕೆ "ಬಿಡು" ಅಂತ ಇತ್ತು, ಲೀವ್ ಬ್ಯಾಲೆನ್ಸ್‌ಗೆ "ಸಮತೋಲನ ಬಿಡು". ಮೂರು ದಿನ ನಾವು ಆಫೀಸಿನಲ್ಲಿ ಒಬ್ಬರಿಗೊಬ್ಬರು ಸಮತೋಲನ ಬಿಡಬೇಡಿ ಅಂತ ಹೇಳಿಕೊಂಡು ನಕ್ಕದ್ದೇ. ಇಂಥ ಕನ್ನಡಕ್ಕಿಂತ "ಲೀವ್ ಬಾಕಿ" ಅಂತ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಎಲ್ಲ ಶಬ್ದಗಳ ಪಟ್ಟಿ ತರಿಸಿ, ಕೆಲಸಗಾರರಲ್ಲೇ ಇಬ್ಬರನ್ನು ಕೂರಿಸಿ ಓದಿಸಿ.

ಓದುವುದು ಕನ್ನಡದಲ್ಲಿ, ಮಾತು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ಈಗ ಒಡಿಶಾ, ಜಾರ್ಖಂಡ್ ಕಡೆಯವರೂ ಇರುತ್ತಾರೆ, ಅವರಿಗೆ ಹಿಂದಿ. ಹಾಗಾಗಿ ಕೈಪಿಡಿ ಮುದ್ರಿಸುವ ದುಡ್ಡು ಉಳಿಸಿ. ಅವರವರ ಭಾಷೆಯಲ್ಲಿ ಒಂದೊಂದು ನಿಮಿಷದ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ. ಧ್ವನಿ ನಿಮ್ಮದು ಬೇಡ. ಪ್ಯಾಕಿಂಗ್‌ನಲ್ಲಿ ಎಲ್ಲರಿಗೂ ಬೇಕಾದ ಒಬ್ಬರು ಇರುತ್ತಾರಲ್ಲ, ಅವರದ್ದು.

ಒಟಿಪಿ ಹೋಗಿದ್ದು ಮಸ್ಕತ್‌ಗೆ

ಶುರುವಿನ ದಿನ ಎಲ್ಲ ಸರಿ ಇತ್ತು. ಒಬ್ಬರು ಅಕ್ಕ ಆಧಾರ್ ನಂಬರ್ ಹಾಕಿದರು, ಒಟಿಪಿ ಕಳಿಸಿದ್ದೇವೆ ಅಂತ ಬಂತು. ಫೋನಿಗೆ ಏನೂ ಬರಲಿಲ್ಲ. ನೋಡಿದರೆ ಆಧಾರ್‌ಗೆ ಜೋಡಿಸಿದ್ದು ಗಂಡನ ನಂಬರ್, ಆ ಸಿಮ್ ಗಂಡನ ಜೊತೆ ಮಸ್ಕತ್‌ನಲ್ಲಿದೆ, ಗಂಡ ಡ್ಯೂಟಿಯಲ್ಲಿದ್ದಾನೆ. ಅವನು ಫೋನ್ ನೋಡಿ ವಾಟ್ಸಾಪ್‌ನಲ್ಲಿ ಕಳಿಸುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಇದು ನಮ್ಮ ಜಿಲ್ಲೆಯಲ್ಲಿ ಒಬ್ಬರ ಕಥೆ ಅಲ್ಲ.

ಒಂದು ತಿಂಗಳ ಮುಂಚೆಯೇ ಪಟ್ಟಿ ಮಾಡಿ. ಆಧಾರ್‌ನಲ್ಲಿ ಯಾರ ನಂಬರ್ ಉಂಟು, ಆ ಸಿಮ್ ಯಾರ ಕೈಯಲ್ಲಿ ಉಂಟು, ಸ್ಮಾರ್ಟ್‌ಫೋನ್ ಸ್ವಂತದ್ದಾ, ಮಗನ ಜೊತೆ ಹಂಚಿಕೊಂಡದ್ದಾ. ನಂಬರ್ ಬದಲಿಸಬೇಕಾದವರಿಗೆ ಆಧಾರ್ ಕೇಂದ್ರಕ್ಕೆ ಹೋಗಲು ಸಂಬಳ ಕಡಿಯದೆ ಅರ್ಧ ದಿನ ಕೊಡಿ. ಸಾಧ್ಯ ಆದರೆ ಕೇಂದ್ರದವರನ್ನೇ ಕ್ಯಾಂಪ್ ಮಾಡಲು ಕೇಳಿ.

ಫೋನ್ ಇಲ್ಲದವರಿಗೆ ಕ್ಯಾಂಟೀನಿನ ಚಹಾ ಕೌಂಟರ್ ಪಕ್ಕ ಒಂದು ಟ್ಯಾಬ್ಲೆಟ್ ಇಡಿ, ಇನ್ವರ್ಟರ್‌ಗೆ ಜೋಡಿಸಿ. ಚಹಾದ ಹೊತ್ತಿನಲ್ಲಿ ಅಲ್ಲಿ ಒಬ್ಬರು ಕೂತಿರಲಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಅನ್ನುವ ದಿನದಿನದ ಸಣ್ಣ ಉಳಿತಾಯ ಶುರು ಮಾಡಿದ್ದು ಹೀಗೇ ಅಲ್ವಾ. ಜನ ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಾರೆ ಅಂತ ಕಲೆಕ್ಷನ್‌ನವನೇ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋದ. ಫಾರ್ಮು ತುಂಬಲು ಕಲಿಯಿರಿ ಅಂತ ಯಾರಿಗೂ ಪಾಠ ಮಾಡಲಿಲ್ಲ. ನಿಮ್ಮ ಟ್ಯಾಬ್ಲೆಟ್ ಪಕ್ಕ ಕೂರುವವರು ಆ ಪಿಗ್ಮಿ ಕಲೆಕ್ಟರ್ ಥರ ಇರಬೇಕು, ಇನ್‌ಸ್ಪೆಕ್ಟರ್ ಥರ ಅಲ್ಲ.

ಕೂರಿಸದಿದ್ದರೆ ಏನಾಗುತ್ತದೆ ಗೊತ್ತಾ? ಒಬ್ಬ ಚುರುಕು ಹುಡುಗ ಹುಟ್ಟಿಕೊಳ್ಳುತ್ತಾನೆ. ಹದಿನೈದು ಜನರ ಪಿನ್ ಅವನಿಗೆ ಗೊತ್ತು, ಎಲ್ಲವೂ 1234. ಅವನೇ ಎಲ್ಲರ ರಜೆ ಹಾಕುತ್ತಾನೆ, ಸ್ಲಿಪ್ ನೋಡುತ್ತಾನೆ. ನಮ್ಮ ರಿಪೋರ್ಟಿನಲ್ಲಿ ಆ ವಿಭಾಗದ ಬಳಕೆ ನೂರಕ್ಕೆ ನೂರು ಇತ್ತು, ನಾನು ಮಾಲಕರ ಮುಂದೆ ಹೆಮ್ಮೆಯಿಂದ ತೋರಿಸಿದ್ದೆ. ಆ ಹುಡುಗ ಡೆಂಗ್ಯೂ ಬಂದು ಹತ್ತು ದಿನ ಮಲಗಿದಾಗ ಸೊನ್ನೆಗೆ ಇಳಿಯಿತು.

ನನ್ನನ್ನು ಯಾರು ನೋಡುತ್ತಾರೆ?

ಲೊಕೇಶನ್ ಆನ್ ಮಾಡಿ ಅಂದ ಕೂಡಲೇ ಕ್ಯಾಂಟೀನಿನಲ್ಲಿ ಸುದ್ದಿ ಹಬ್ಬುತ್ತದೆ, ಮನೆಗೆ ಹೋದ ಮೇಲೂ ಕಂಪನಿಯವರು ನೋಡುತ್ತಾರೆ ಅಂತ. ಇದನ್ನು ಸುಮ್ನೆ ನಕ್ಕು ತಳ್ಳಬೇಡಿ. ಕೆಲವು ಆ್ಯಪ್‌ಗಳು ನಿಜವಾಗಿಯೂ ಇಡೀ ದಿನ ಲೊಕೇಶನ್ ತೆಗೆದುಕೊಳ್ಳುತ್ತವೆ. ನಿಮ್ಮದು ಏನು ಮಾಡುತ್ತದೆ ಅಂತ ನೀವೇ ಮೊದಲು ಕೇಳಿ ತಿಳಿದುಕೊಳ್ಳಿ. ಗೇಟಿನಲ್ಲಿ ಮಿಷನ್ ಇರುವಾಗ ಲೊಕೇಶನ್ ಯಾಕೆ? ಸೇಲ್ಸ್‌ನವರಿಗೆ ಬೇಕಿದ್ದರೆ ಅವರಿಗೆ ಮಾತ್ರ, ಕೆಲಸದ ಹೊತ್ತಿಗೆ ಮಾತ್ರ.

ಒಂದು ಹಾಳೆಯಲ್ಲಿ ಬರೆದು ಅಂಟಿಸಿ: ಆ್ಯಪ್ ಏನು ತೆಗೆದುಕೊಳ್ಳುತ್ತದೆ, ಯಾರು ನೋಡಬಹುದು, ಕೆಲಸ ಬಿಟ್ಟ ಮೇಲೆ ಯಾವಾಗ ಅಳಿಸುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಅಂತ ಉಂಟು. ಕನ್ನಡ ಇದೆ, ಕೊಂಕಣಿ ಇದೆ. ತುಳು ಆ ಪಟ್ಟಿಯಲ್ಲಿ ಇಲ್ಲ, ಅದು ಬೇರೆಯೇ ಬೇಸರದ ವಿಷಯ. ಕಾನೂನು ಹೇಳದಿದ್ದರೂ ತುಳುವಿನಲ್ಲಿ ಓದಿ ಹೇಳಿ.

ಯಾರು ನೋಡಬಹುದು ಅನ್ನುವುದು ದೊಡ್ಡ ಪ್ರಶ್ನೆ. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದು ದಿನದ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್‌ನಲ್ಲಿ ಆ ಹೆಸರಿನ ರಜೆ ಸೇರಿಸಿದರೆ, ಸೂಪರ್‌ವೈಸರ್‌ನಿಂದ ಹಿಡಿದು ವಿಭಾಗದ ಪಟ್ಟಿ ನೋಡುವ ಎಲ್ಲರಿಗೂ ಅದೇ ಹೆಸರು ಕಾಣುತ್ತದಾ? ಕಂಡರೆ ಆ ರಜೆಯನ್ನು ಯಾವ ಹೆಂಗಸೂ ಹಾಕುವುದಿಲ್ಲ, ಆ್ಯಪ್‌ನ್ನೂ ಇಷ್ಟಪಡುವುದಿಲ್ಲ. ಪಟ್ಟಿಯಲ್ಲಿ ಬರೀ "ರಜೆ" ಅಂತ ಕಾಣಲಿ.

ಯಾವಾಗ ಶುರು, ಪುಸ್ತಕ ಯಾವಾಗ ಬಂದ್

ಜೂನ್, ಜುಲೈ ಬೇಡ. ಮಳೆಗೆ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಮೊದಲ ದಿನವೇ ಹೆಸರು ಕೆಡುತ್ತದೆ. ಏಪ್ರಿಲ್, ಮೇ ಮದುವೆ, ನೇಮದ ಕಾಲ, ಅರ್ಧ ಜನ ಇರುವುದಿಲ್ಲ. ನಾನು ಮಳೆ ಬಿಟ್ಟ ಮೇಲೆ, ದೀಪಾವಳಿ ಮುಗಿದ ವಾರ ಶುರು ಮಾಡುತ್ತೇನೆ. ತಿಂಗಳ ಕೊನೆ, ಸಂಬಳದ ದಿನ ತಪ್ಪಿಸಿ, ಹತ್ತನೇ ತಾರೀಕಿನ ಸುಮಾರಿಗೆ.

ಹಾಜರಿ ಆ್ಯಪ್‌ಗೆ ಬಂದ ಮೇಲೆ ಒಂದು ತಿಂಗಳು ಪುಸ್ತಕವೂ ಇರಲಿ. ಎರಡನ್ನೂ ವಾರಕ್ಕೊಮ್ಮೆ ತಾಳೆ ನೋಡಿ, ವ್ಯತ್ಯಾಸ ಬಂದರೆ ಆ ತಿಂಗಳು ಪುಸ್ತಕದ್ದೇ ಅಂತಿಮ. ಆದರೆ ಪುಸ್ತಕ ಮುಚ್ಚುವ ದಿನವನ್ನು ಮೊದಲೇ ಹೇಳಿ, ಆ ದಿನ ನಿಜವಾಗಿ ಮುಚ್ಚಿ. ಮುಚ್ಚದೆ ಆರು ತಿಂಗಳು ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ನೋಡಿದ್ದೇನೆ. ಎರಡೂ ಕಡೆ ಬರೆಯುವ ಕ್ಲಾರ್ಕ್ ಕೊನೆಗೆ ಆ್ಯಪ್‌ನ್ನೇ ದ್ವೇಷಿಸುತ್ತಾನೆ. ಮಿಷನ್ ಕೆಟ್ಟ ದಿನಕ್ಕೆ ಅಂತ ಒಂದು ತೆಳ್ಳಗಿನ ಪುಸ್ತಕ ಮಾತ್ರ ಗೇಟಿನಲ್ಲಿ ಉಳಿಯಲಿ.

ಟೈಮ್ ಆಫೀಸಿನ ಆ ಕ್ಲಾರ್ಕ್ ಜೊತೆಗೂ ಮುಂಚೆಯೇ ಮಾತಾಡಿ. ತನ್ನ ಕೆಲಸ ಹೋಗುತ್ತದೆ ಅಂತ ಅವನಿಗೆ ಭಯ ಇರುತ್ತದೆ. 1980ರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬರುವಾಗ ಇದೇ ಭಯಕ್ಕೆ ಸಂಘಗಳು ವಿರೋಧಿಸಿದ್ದವು, ನಮ್ಮೂರಿನಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಳೆಯಿಂದ ಅವನ ಕೆಲಸ ಏನು ಅಂತ ಬಾಯಿಬಿಟ್ಟು ಹೇಳಿ. ಹೇಳಲು ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಅವನ ಭಯ ಸರಿ ಇದೆ ಅಂತ ಅರ್ಥ.

ಜನ ಒಪ್ಪಿದರಾ ಅಂತ ತಿಳಿಯಲು ಲಾಗಿನ್ ಎಣಿಸಬೇಡಿ, ಡೆಂಗ್ಯೂ ಹುಡುಗನ ಕಥೆ ಹೇಳಿದೆನಲ್ಲ. ನಾನು ಎಣಿಸುವುದು ಎರಡು. ಮೂರನೇ ತಿಂಗಳಲ್ಲಿ ಎಷ್ಟು ರಜೆ ಕಾಗದದಲ್ಲಿ ಅಥವಾ ಬಾಯಿಮಾತಿನಲ್ಲಿ ಬಂತು? ಸಂಬಳ ಆದ ಮರುದಿನ ಟೈಮ್ ಆಫೀಸಿನ ಕಿಟಕಿಯಲ್ಲಿ ಎಷ್ಟು ಜನ ನಿಂತರು? ಎರಡನೆಯದು ಕಡಿಮೆ ಆಗುತ್ತಾ ಬಂದರೆ ಸ್ಲಿಪ್ ಓದುತ್ತಿದ್ದಾರೆ ಅಂತ ಲೆಕ್ಕ. ಒಮ್ಮೆಲೇ ಸೊ‌ನ್ನೆ ಆದರೆ ಮಾತ್ರ ಹೋಗಿ ವಿಚಾರಿಸಿ, ಕೇಳಿ ಪ್ರಯೋಜನ ಇಲ್ಲ ಅಂತ ಬಿಟ್ಟಿರಲೂಬಹುದು.

ಕೊನೆಗೆ ಆಫೀಸಿನ ಹಳೇ ಫೋನ್ ನಂಬರ್ ತೆಗೆಯಬೇಡಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುತ್ತಿರುವವರು ಆ್ಯಪ್ ತೆರೆದು ಕಾರಣ ಆರಿಸುವುದಿಲ್ಲ. ಅವರು ಫೋನ್ ಮಾಡಲಿ, ವಾಚ್‌ಮನ್ ಬರೆದಿಟ್ಟುಕೊಳ್ಳಲಿ, ಬೆಳಿಗ್ಗೆ ನೀವೇ ಅವರ ಹೆಸರಿನಲ್ಲಿ ಹಾಕಿ.